ಬಟ್ಟೆಯ ಗೂಡಿನಲ್ಲೊಂದು ನಿದ್ದೆ

“ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ” ಎಂಬ ಮಾತನ್ನು ಹಿರಿಯರ ಬಾಯಲ್ಲಿ ಒಮ್ಮೆಯಾದರೂ ಕೇಳಿದವರು ಬಹಳ ಮಂದಿ. ಇದು ಇಲ್ಲಿಯವರಷ್ಟೇ ಹೇಳುವ ಮಾತಲ್ಲ. ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳ ಪೈಕಿ ಎಂಟು ತಿಂಗಳ ಶಿಶುವಿಗೆಂದೇ ಮೀಸಲಾದ ಒಂದು ಬರಹವಿದೆ. ಅಲ್ಲಿಯೂ ಇದೇ ನಂಬಿಕೆ! ಆದರೆ ಲೆಕ್ಕ ಮಾತ್ರ ತಲೆಕೆಳಗು. ತಾಯಿಯ ಗರ್ಭದಲ್ಲಿ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ ಕೊಡುತ್ತದೆಯೇ ಹೊರತು ಅದರ ಆಯುಸ್ಸನ್ನು ಕಳೆಯುವುದಿಲ್ಲ. ಏಳು ತಿಂಗಳ ಮಗುವಿಗಿಂತ ಎಂಟು ತಿಂಗಳ ಮಗುವೇ ಗಟ್ಟಿ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎಂದು ಕರೆಯುತ್ತಾರೆ. 2020ರಲ್ಲಿ ಪ್ರಪಂಚದಾದ್ಯಂತ ಇಂಥ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹುಟ್ಟಿದವೆಂದು ಅಂದಾಜು. ಅವುಗಳಲ್ಲಿ 30 ಲಕ್ಷದಷ್ಟು ಭಾರತದಲ್ಲಿಯೇ ಹುಟ್ಟಿದವು. ಬೇರಾವ ದೇಶದಲ್ಲೂ ಇಷ್ಟು ಇಲ್ಲ. ಅಂದಮೇಲೆ ಇದು ಎಲ್ಲೋ ದೂರದ ಆಸ್ಪತ್ರೆಯ ಸಂಗತಿಯಲ್ಲ. ಶಾಲೆಯ ಯಾವುದೇ ತರಗತಿಯ ಬೆಂಚುಗಳ ಮೇಲೆ ಕುಳಿತವರಲ್ಲಿ ಒಬ್ಬಿಬ್ಬರಾದರೂ ಹೀಗೆ ಅವಸರದಲ್ಲಿ ಬಂದವರೇ ಇರಬಹುದು.

ಇವರನ್ನು ಉಳಿಸಿಕೊಳ್ಳಲು ಮನುಷ್ಯ ಮೊದಲು ಕಲಿತ ವಿದ್ಯೆ ಬೆಚ್ಚಗಿಡುವುದು. ಸುಮಾರು 1880ರಲ್ಲಿ ಪ್ಯಾರಿಸಿನ ಹೆರಿಗೆ ಆಸ್ಪತ್ರೆಯ ವೈದ್ಯ ಸ್ಟೆಫಾನ್ ತಾರ್ನಿಯೆ, ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯಿಂದ ಸ್ಫೂರ್ತಿ ಪಡೆದು ಶಿಶುಗಳಿಗೂ ಅಂಥದೊಂದು ಪೆಟ್ಟಿಗೆ ಮಾಡಿಸಿದ. ಇನ್‌ಕ್ಯುಬೇಟರ್ ಅಥವಾ ಕಾವುಪೆಟ್ಟಿಗೆ ಆಸ್ಪತ್ರೆಗೆ ಬಂದದ್ದು ಹೀಗೆ. ಬೆಚ್ಚಗಿದ್ದರೂ ಉಸಿರಾಡಲಾಗದೆ ಸಾಯುವ ಶಿಶುಗಳು ಮಾತ್ರ ಹಾಗೆಯೇ ಸಾಯುತ್ತಿದ್ದವು. 1963ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಮಗ ಪ್ಯಾಟ್ರಿಕ್ ಅವಧಿಗೆ ಐದು ವಾರಕ್ಕೂ ಮೊದಲೇ ಹುಟ್ಟಿದ. ಎರಡು ಕಿಲೋ ದಾಟಿದ ಮಗು. ಜಗತ್ತಿನ ಅತ್ಯಂತ ಶಕ್ತಿಶಾಲಿ ರಾಷ್ಟ್ರದ ಅಧ್ಯಕ್ಷನ ಮಗನಾದರೂ ಬದುಕಿದ್ದು ಕೇವಲ 39 ಗಂಟೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ದ್ರವ ಇಂಥ ಶಿಶುಗಳಲ್ಲಿ ಸಾಲದೆಂದು ಮೇರಿ ಎಲೆನ್ ಏವರಿ ಎಂಬ ವೈದ್ಯೆ 1959ರಲ್ಲಿಯೇ ತೋರಿಸಿದ್ದರು. ಅದನ್ನು ಹೊರಗಿನಿಂದ ಕೊಟ್ಟು ಮೊದಲ ಬಾರಿಗೆ ಗೆದ್ದವರು ಜಪಾನಿನ ತೆತ್ಸುರೊ ಫುಜಿವಾರಾ, ಅದು 1980ರಲ್ಲಿ. ಇಂದು ಒಂದು ಕಿಲೋ ತೂಗುವ ಮಗುವೂ ಬದುಕುತ್ತದೆ.

ಕಾವು ಸಿಕ್ಕಿತು, ಉಸಿರೂ ಸಿಕ್ಕಿತು. ಆಮೇಲೆ ಎದ್ದದ್ದು ಬಹಳ ಸಣ್ಣದೆಂದು ಕಾಣುವ ಒಂದು ಪ್ರಶ್ನೆ: ಈ ಮಗುವನ್ನು ಮಲಗಿಸುವುದು ಹೇಗೆ?

ಹಾಸಿಗೆಯ ಮೇಲೆ ಮಲಗಿಸಿದರಾಯಿತು, ಅದರಲ್ಲೇನು ಎನ್ನಬಹುದು. ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಮೂವತ್ತನೆಯ ವಾರಕ್ಕೇ ಹೆತ್ತ ತಾಯಿಯೊಬ್ಬರೂ ಹಾಗೆಯೇ ಅಂದುಕೊಂಡಿದ್ದರು. ಗಂಡ ಬಸ್ ಕಂಡಕ್ಟರ್. ಹಿರಿಯ ಮಗಳು ಒಂಬತ್ತನೆಯ ತರಗತಿ. ಎರಡನೆಯದು ಗಂಡು, ತೂಕ 1,150 ಗ್ರಾಂ. ಅಂಗಡಿಯ ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ತುಸು ಹೆಚ್ಚು. ಮೂರನೆಯ ದಿನ ಕೈತೊಳೆದು, ಗೌನು ತೊಟ್ಟು ಒಳಗೆ ಹೋದ ತಾಯಿ ಕಂಡದ್ದೇನು? ಮೆತ್ತನೆಯ ಬಟ್ಟೆಯ ಸುರುಳಿಯನ್ನು ಸಿಂಬೆಯಂತೆ ಬಳಸಿ, ಅದರ ನಡುವೆ ಮಗುವನ್ನು ಬೋರಲಾಗಿ ಮಲಗಿಸಿದ್ದರು. ಮೊಣಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿದ್ದವು. ಪಾದಗಳು ಬಟ್ಟೆಯ ಅಂಚಿಗೆ ಒತ್ತಿಕೊಂಡಿದ್ದವು. ಕೈ ಬಾಯಿಯ ಹತ್ತಿರ. ಮುಖ ಒಂದು ಬದಿಗೆ.

“ಇದೇನು ಸಿಸ್ಟರ್, ಮಗೂನ ಕಟ್ಟಿಹಾಕಿದ್ದೀರಲ್ಲ! ಬೋರಲು ಬೇರೆ ಹಾಕಿದ್ದೀರಿ, ಉಸಿರು ಕಟ್ಟೋದಿಲ್ವೆ?” ಎಂದು ಆಕೆ ಕೇಳಿದರಂತೆ. ತಾಯಿಯ ಕರುಳು ಕೇಳಿದ ಪ್ರಶ್ನೆ, ತಪ್ಪೇನೂ ಅಲ್ಲ. ನರ್ಸ್ ಉತ್ತರ ಹೇಳಲಿಲ್ಲ. “ಈಗ ಬಟ್ಟೆ ಬದಲಾಯಿಸ್ತೀನಿ, ನೋಡ್ತಾ ಇರಿ” ಎಂದಷ್ಟೇ ಹೇಳಿದರು.

ಸಿಂಬೆ ಸಡಿಲಿಸಿ ಮಗುವನ್ನು ಅಂಗಾತ ತಿರುಗಿಸಿದ ಕ್ಷಣದಲ್ಲೇ ಅದರ ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿಹೋದವು. ಬೆರಳುಗಳು ಬೀಸಣಿಗೆಯಂತೆ ಅಗಲಿಸಿದವು. ಹಣೆ ಗಂಟಿಕ್ಕಿತು. ಪಕ್ಕದ ಯಂತ್ರದಲ್ಲಿ ರಕ್ತದ ಆಮ್ಲಜನಕ ತೋರಿಸುವ ಅಂಕಿ ಮೆಲ್ಲನೆ ಇಳಿಯತೊಡಗಿತು. ನರ್ಸ್ ಒಂದು ಅಂಗೈಯನ್ನು ಮಗುವಿನ ತಲೆಗೆ, ಇನ್ನೊಂದನ್ನು ಮಡಿಚಿದ ಕಾಲುಗಳಿಗೆ ಆನಿಸಿ ಸುಮ್ಮನೆ ನಿಂತರು. ತಟ್ಟಲಿಲ್ಲ, ಸವರಲಿಲ್ಲ, ಹಾಗೆಯೇ ಹಿಡಿದು ನಿಂತರು. ಒಂದೆರಡು ನಿಮಿಷದಲ್ಲಿ ಹಣೆಯ ಗಂಟು ಬಿಚ್ಚಿತು, ಅಂಕಿ ಮೇಲೇರಿತು. “ಕಟ್ಟಿಹಾಕಿಲ್ಲಮ್ಮ, ಅವನಿಗೆ ಗೋಡೆ ಕೊಟ್ಟಿದ್ದೀವಿ” ಎಂದರು ನರ್ಸ್.

ಗೋಡೆ ಎಂಬುದು ಸರಿಯಾದ ಮಾತು. ಗರ್ಭಾಶಯದಲ್ಲಿ ಮಗು ದ್ರವದಲ್ಲಿ ತೇಲುತ್ತಿರುತ್ತದೆ. ಅಲ್ಲಿ ತನ್ನ ಭಾರ ತನಗೇ ತಿಳಿಯದು. ಕಾಲು ಚಾಚಿದರೆ ಗರ್ಭಾಶಯದ ಗೋಡೆ ತಡೆದು ಮರಳಿ ಮಡಿಚುತ್ತದೆ. ದಿನ ಕಳೆದಂತೆ ಜಾಗ ಇಕ್ಕಟ್ಟಾಗಿ ಮಗು ಮತ್ತಷ್ಟು ಮುದುಡುತ್ತದೆ. ಚಾಚುವುದು, ತಡೆ ಸಿಗುವುದು, ಮಡಿಚಿಕೊಳ್ಳುವುದು: ಇದೇ ಅದರ ಮೊದಲ ವ್ಯಾಯಾಮ ಶಾಲೆ. ಸ್ನಾಯುಗಳಿಗೆ ಬಿಗಿತ ಬರುವುದೂ ಕೊನೆಯ ಮೂರು ತಿಂಗಳಲ್ಲಿಯೇ. ಅದೂ ಕಾಲಿನಿಂದ ಆರಂಭವಾಗಿ ಮೇಲ್ಮುಖವಾಗಿ ಏರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ಕಾಲನ್ನು ಮೆಲ್ಲಗೆ ನೀಡಿ ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಇಪ್ಪತ್ತೆಂಟು ವಾರದ ಮಗುವಿನ ಕಾಲು ಇಟ್ಟಲ್ಲಿಯೇ ಒದ್ದೆ ಬಟ್ಟೆಯಂತೆ ಬಿದ್ದಿರುತ್ತದೆ.

ಅಂಥ ಮಗು ಒಮ್ಮೆಲೇ ಚಪ್ಪಟೆ ಹಾಸಿಗೆಗೆ ಬಂದು ಬೀಳುತ್ತದೆ. ತೇಲುತ್ತಿದ್ದ ದೇಹವನ್ನು ಗುರುತ್ವಾಕರ್ಷಣೆ ಕೆಳಕ್ಕೆ ಒತ್ತುತ್ತದೆ. ಅದನ್ನು ಎದುರಿಸುವ ಬಲ ಸ್ನಾಯುಗಳಿಗಿಲ್ಲ. ವಾರಗಟ್ಟಲೆ ಹೀಗೆಯೇ ಬಿಟ್ಟರೆ ಮಂಡಿಗಳು ಕಪ್ಪೆಯ ಕಾಲಿನಂತೆ ಹೊರಕ್ಕೆ ಬಾಗಿ ನಿಲ್ಲುತ್ತವೆ. ಭುಜಗಳು ಹಿಂದಕ್ಕೆ ಸರಿಯುತ್ತವೆ. ಹಾಗಾದರೆ ಎರಡು ಕೈಗಳನ್ನು ಎದೆಯ ಮುಂದೆ ತಂದು ಆಡುವುದು, ಬಾಯಿಗೆ ಬೆರಳು ತಂದುಕೊಳ್ಳುವುದು ಮುಂದೆ ಕಷ್ಟವಾಗುತ್ತದೆ. ತಲೆಬುರುಡೆ ಇನ್ನೂ ಮೆತ್ತಗಿರುವುದರಿಂದ ಒಂದೇ ಮಗ್ಗುಲಿಗೆ ಮಲಗಿದರೆ ಬದಿಗಳು ಚಪ್ಪಟೆಯಾಗಿ ತಲೆ ಉದ್ದವಾಗುತ್ತದೆ. ಆದ್ದರಿಂದಲೇ ಬಟ್ಟೆಯ ಸಿಂಬೆ. ಆದ್ದರಿಂದಲೇ ಕೆಲವು ಗಂಟೆಗೊಮ್ಮೆ ಬೋರಲು, ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು ಎಂದು ಬದಲಿಸುವ ಪದ್ಧತಿ. ಹುಟ್ಟಿದ ಮೊದಲ ಮೂರು ದಿನ ತೀರಾ ಎಳೆಯ ಶಿಶುವಿನ ಕತ್ತು ತಿರುಚದಂತೆ, ತಲೆ ದೇಹದ ನೇರಕ್ಕೆ ಇರುವಂತೆ ಅನೇಕ ಘಟಕಗಳಲ್ಲಿ ನೋಡಿಕೊಳ್ಳುತ್ತಾರೆ. ಕತ್ತಿನ ರಕ್ತನಾಳ ಒತ್ತಿದರೆ ಮಿದುಳಿನ ಸೂಕ್ಷ್ಮ ನಾಳಗಳಲ್ಲಿ ರಕ್ತದ ಒತ್ತಡ ಏರಬಾರದೆಂಬ ಎಚ್ಚರಿಕೆ ಅದು.

ಮುದುಡಿ ಮಲಗುವುದರಲ್ಲಿ ಇನ್ನೊಂದು ಲಾಭವಿದೆ. ಕಾವಲಿಯಿಂದ ತೆಗೆದ ದೋಸೆಯನ್ನು ತಟ್ಟೆಯಲ್ಲಿ ಹರಡಿಟ್ಟರೆ ಬೇಗ ಆರುತ್ತದೆ. ಮಡಿಚಿಟ್ಟರೆ ಒಳಗಿನ ಬಿಸಿ ಉಳಿಯುತ್ತದೆ. ಗಾಳಿಗೆ ತೆರೆದ ಮೈ ಹೆಚ್ಚಿದಷ್ಟೂ ಶಾಖ ಹೆಚ್ಚು ಹೋಗುತ್ತದೆ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಎರಡು ಸೆಂಟಿಮೀಟರ್ ಬಾಹುವಿನ ಘನಕ್ಕೆ ಹೊರಮೈ 24, ಗಾತ್ರ 8, ಪ್ರಮಾಣ ಮೂರು. ಒಂದು ಸೆಂಟಿಮೀಟರ್ ಬಾಹುವಿನದಕ್ಕೆ ಹೊರಮೈ 6, ಗಾತ್ರ 1; ಪ್ರಮಾಣ ಆರು. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಒಂದು ಕಿಲೋ ಮಗುವಿನ ಕಷ್ಟ ಇದೇ. ಚರ್ಮದಡಿ ಕೊಬ್ಬಿಲ್ಲ, ನಡುಗಿ ಬಿಸಿ ಮಾಡಿಕೊಳ್ಳಲು ಬಾರದು. ಕೈಕಾಲು ಮಡಿಚಿಕೊಂಡಾಗ ತೆರೆದ ಮೈ ಕಡಿಮೆಯಾಗಿ, ಶಾಖಕ್ಕೆ ಸುರಿಯಬೇಕಾದ ಹಾಲಿನ ಶಕ್ತಿ ಬೆಳವಣಿಗೆಗೆ ಉಳಿಯುತ್ತದೆ.

ಬೋರಲು ಮಲಗಿಸುವುದಕ್ಕೂ ಕಾರಣವಿದೆ. ಎಳೆಯ ಶಿಶುವಿನ ಪಕ್ಕೆಲುಬುಗಳು ಮೆತ್ತಗಿರುತ್ತವೆ. ಉಸಿರು ಎಳೆದಾಗ ಎದೆ ಹಿಗ್ಗುವ ಬದಲು ಒಳಕ್ಕೆ ಕುಸಿಯುತ್ತದೆ. ಬೋರಲು ಮಲಗಿದಾಗ ಹಾಸಿಗೆಯೇ ಎದೆಗೆ ಊರೆಯಾಗಿ ಶ್ವಾಸಕೋಶ ಚೆನ್ನಾಗಿ ಹಿಗ್ಗುತ್ತದೆ, ರಕ್ತದಲ್ಲಿ ಆಮ್ಲಜನಕ ತುಸು ಏರುತ್ತದೆ, ನಿದ್ದೆಯೂ ಗಾಢವಾಗುತ್ತದೆ. ಆದರೆ ಇದಕ್ಕೊಂದು ಷರತ್ತಿದೆ. ಉಸಿರು, ಎದೆಬಡಿತ, ಆಮ್ಲಜನಕವನ್ನು ಹಗಲಿರುಳು ಕಾಯುವ ಯಂತ್ರ ಪಕ್ಕದಲ್ಲಿರಬೇಕು; ಆ ಯಂತ್ರ ಕೂಗಿದರೆ ಓಡಿಬರುವ ನರ್ಸ್ ಇರಬೇಕು. ಈ ಷರತ್ತನ್ನು ಮರೆಯಬಾರದು. ಮನೆಗೆ ಹೋಗುವ ದಿನ ಇದೇ ಮುಖ್ಯವಾಗುತ್ತದೆ.

ಶಿಶುವಿಗೆ ಮಾತು ಬಾರದು. ಹಾಗಾದರೆ ಅದಕ್ಕೆ ಹಿತವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಕುಳಿತವರು ಅಮೆರಿಕದ ಬಾಸ್ಟನ್ ನಗರದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಹೈಡೆಲೀಸ್ ಆಲ್ಸ್. ಜರ್ಮನಿಯಲ್ಲಿ ಹುಟ್ಟಿದ ಈಕೆ ಮಾಡಿದ್ದು ಬಹಳ ಸರಳವಾದ ಕೆಲಸ: ನೋಡುವುದು. ತೊಟ್ಟಿಲ ಪಕ್ಕ ನಿಂತು, ಯಾರಾದರೂ ಮುಟ್ಟುವ ಮೊದಲು, ಮುಟ್ಟಿದಾಗ ಮತ್ತು ಮುಟ್ಟಿದ ಮೇಲೆ ಮಗು ಏನು ಮಾಡುತ್ತದೆಂದು ಬರೆದುಕೊಳ್ಳುವುದು. ಬೆರಳು ಅಗಲಿಸುವುದು, ಬೆನ್ನು ಕಮಾನಿನಂತೆ ಬಗ್ಗಿಸುವುದು, ಪದೇ ಪದೇ ಆಕಳಿಸುವುದು, ಸೀನುವುದು, ಬಿಕ್ಕಳಿಸುವುದು, ಮೈಬಣ್ಣ ಬದಲಾಗುವುದು: ಇವೆಲ್ಲ “ಸಾಕು, ಸ್ವಲ್ಪ ಬಿಡಿ” ಎನ್ನುವ ಮಾತುಗಳು. ಕೈಯನ್ನು ಬಾಯಿಗೆ ತರುವುದು, ಬೆರಳು ಹಿಡಿದುಕೊಳ್ಳುವುದು, ಪಾದವನ್ನು ಏನಕ್ಕಾದರೂ ಆನಿಸುವುದು “ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ” ಎನ್ನುವ ಮಾತುಗಳು. 1982ರಲ್ಲಿ ಆಕೆ ಈ ವಿಚಾರವನ್ನು ಸಿದ್ಧಾಂತವಾಗಿ ಮುಂದಿಟ್ಟರು. 1994ರಲ್ಲಿ 38 ಶಿಶುಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಹೀಗೆ ಮಗುವನ್ನು ಓದಿಕೊಂಡು ಆರೈಕೆ ಮಾಡಿದಾಗ ಕೃತಕ ಉಸಿರಾಟದ ದಿನಗಳು ಕಡಿಮೆಯಾದವೆಂದು ಪ್ರಕಟಿಸಿದರು. ಆಮೇಲೆ ನಡೆದ ಎಲ್ಲ ಅಧ್ಯಯನಗಳಲ್ಲೂ ಅಷ್ಟೇ ಲಾಭ ಕಂಡುಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಮುಟ್ಟುವ ಮೊದಲು ಮಗುವನ್ನು ನೋಡು ಎಂಬ ಪಾಠವನ್ನು ಆಸ್ಪತ್ರೆಗಳು ಮರೆಯಲಿಲ್ಲ.

ಜಿಲ್ಲಾ ಆಸ್ಪತ್ರೆಯ ಆ ತಾಯಿ ಬಾಸ್ಟನ್ನಿನ ಹೆಸರು ಕೇಳಿದವರಲ್ಲ. ಆದರೆ ಒಂದು ವಾರದಲ್ಲಿ ಆಕೆಗೂ ಆ ಲಿಪಿ ಓದಲು ಬಂತು. ಒಂದು ಮಧ್ಯಾಹ್ನ ಹಾಲುಣಿಸುವ ಹೊತ್ತಾದರೂ ನರ್ಸ್ ಮಗುವನ್ನು ಮುಟ್ಟದೆ ನಿಂತದ್ದನ್ನು ಕಂಡು ಆಕೆ ಕೇಳಿದರು. “ಇನ್ನೂ ನಿದ್ದೆಯಲ್ಲಿದ್ದಾನೆ. ಹತ್ತು ನಿಮಿಷ ಬಿಟ್ಟು, ಹಾಲು, ಬಟ್ಟೆ, ಉಷ್ಣತೆ ನೋಡೋದು ಎಲ್ಲ ಒಟ್ಟಿಗೇ ಮಾಡಿಬಿಡೋಣ” ಎಂದು ಉತ್ತರ ಬಂತು. ಗಡಿಯಾರಕ್ಕಿಂತ ನಿದ್ದೆಗೆ ಮರ್ಯಾದೆ!

ನಿದ್ದೆಗೆ ಇಷ್ಟೊಂದು ಮರ್ಯಾದೆ ಏಕೆ? ದೊಡ್ಡವರಿಗೆ ನಿದ್ದೆಯೆಂದರೆ ಕೆಲಸದ ನಂತರದ ವಿಶ್ರಾಂತಿ. ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ನಿದ್ದೆಯೇ ಕೆಲಸ. ದಿನದ ಬಹುಭಾಗ ಅದು ನಿದ್ರಿಸುತ್ತಿರುತ್ತದೆ. ಮೂವತ್ತನಾಲ್ಕನೆಯ ವಾರದಲ್ಲಿ ಮಿದುಳಿನ ತೂಕ ತಿಂಗಳು ತುಂಬಿದ ಮಗುವಿನ ಮಿದುಳಿನ 65 ಶೇಕಡದಷ್ಟು ಮಾತ್ರ. ಗರ್ಭದಲ್ಲಿ ನಡೆಯಬೇಕಾಗಿದ್ದ ಉಳಿದ ಬೆಳವಣಿಗೆ ಆಸ್ಪತ್ರೆಯ ದೀಪಗಳ ಕೆಳಗೆ ನಡೆಯಬೇಕು. ಕಣ್ಣುಗುಡ್ಡೆ ಮುಚ್ಚಿದ ರೆಪ್ಪೆಯಡಿ ಚಲಿಸುವ, ಮುಖದಲ್ಲಿ ನಗೆ ಸುಳಿದು ಮಾಯವಾಗುವ ಒಂದು ಬಗೆಯ ನಿದ್ದೆಯಿದೆ. ದೊಡ್ಡವರ ನಿದ್ದೆಯಲ್ಲಿ ಇದು ಕಾಲು ಭಾಗ ಮಾತ್ರ. ತಿಂಗಳು ತುಂಬಿ ಹುಟ್ಟಿದ ಶಿಶುವಿನಲ್ಲಿ ಅರ್ಧದಷ್ಟು. ಅವಧಿಪೂರ್ವ ಶಿಶುವಿನಲ್ಲಿ ಇನ್ನೂ ಹೆಚ್ಚು. ಹೊರಗಿನಿಂದ ನೋಟ, ನುಡಿಗಳು ಬರುವ ಮೊದಲೇ ಮಿದುಳು ಒಳಗಿನಿಂದಲೇ ತನಗೆ ತಾನು ಸಂಕೇತ ಕಳಿಸಿಕೊಂಡು ತನ್ನ ತಂತಿಗಳನ್ನು ಜೋಡಿಸಿಕೊಳ್ಳುವ ಸಮಯ ಇದಿರಬೇಕೆಂದು ಹೊವಾರ್ಡ್ ರಾಫ್‌ವಾರ್ಗ್ ಮತ್ತು ಸಂಗಡಿಗರು 1966ರಲ್ಲಿಯೇ ಸೂಚಿಸಿದ್ದರು. ಹಾಗಿರುವಾಗ ಒಂದು ನಿದ್ದೆಯನ್ನು ಅರ್ಧಕ್ಕೆ ಕೆಡಿಸುವುದು ಕಟ್ಟುತ್ತಿರುವ ಗೋಡೆಯಿಂದ ಗಾರೆಯವನನ್ನು ಇಳಿಸಿದಂತೆ.

ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಮಕ್ಕಳನ್ನು ಎಚ್ಚರವಾಗಿರಿಸುವ ತಂದೆತಾಯಿಗಳು ಈ ಮಾತನ್ನು ಒಂದಿಷ್ಟು ಯೋಚಿಸಬಹುದು. ಓದಿದ್ದು ಗಟ್ಟಿಯಾಗುವುದೂ ನಿದ್ದೆಯಲ್ಲಿಯೇ. ವಯಸ್ಸು ಬೇರೆ, ಮಿದುಳಿನ ಗುಣ ಅದೇ.

ನಿದ್ದೆ ಕೆಡಿಸುವ ಮೊದಲ ಶತ್ರು ಸದ್ದು. ನವಜಾತ ಶಿಶುಗಳ ಘಟಕದಲ್ಲಿ ಸದ್ದು 45 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿ 1997ರಲ್ಲಿ ಹೇಳಿತು. ಇಬ್ಬರು ಸಹಜವಾಗಿ ಮಾತನಾಡಿದರೆ ಸುಮಾರು 60 ಡೆಸಿಬೆಲ್. ಹದಿನೈದು ತಾನೆ ಹೆಚ್ಚು ಎನ್ನುವಂತಿಲ್ಲ. ಪ್ರತಿ ಹತ್ತು ಡೆಸಿಬೆಲ್ಲಿಗೆ ಸದ್ದಿನ ತೀವ್ರತೆ ಹತ್ತು ಪಟ್ಟು ಏರುವುದರಿಂದ ಆ ಹದಿನೈದೆಂದರೆ ಸುಮಾರು ಮೂವತ್ತು ಪಟ್ಟು! ಮಗನನ್ನು ನೋಡಲು ಬಂದ ಕಂಡಕ್ಟರ್ ತಂದೆ ಪ್ರೀತಿಯಿಂದ ಕಾವುಪೆಟ್ಟಿಗೆಯ ಮೇಲೆ ಬೆರಳಿನಿಂದ ಟಕಟಕ ಎಂದು ತಟ್ಟಿದರು. ಒಳಗೆ ಮಗು ಬೆಚ್ಚಿ ಎರಡೂ ಕೈ ಎತ್ತಿತು. ಹೊರಗೆ ಟಕ್ ಎನಿಸುವುದು ಆ ಪೆಟ್ಟಿಗೆಯೊಳಗೆ ಡೋಲು ಬಡಿದಂತೆ. ತಂದೆಗೆ ಯಾರೂ ಬೈಯಲಿಲ್ಲ. ಮುಂದಿನ ಸಲ ಬಂದಾಗ ಅವರು ಚಪ್ಪಲಿ ಹೊರಗೆ ಬಿಡುವಾಗಲೂ ಸದ್ದಾಗದಂತೆ ಬಿಟ್ಟರು.

ಹತ್ತನೆಯ ದಿನ ಮಗುವಿಗೆ ಇನ್ನೊಂದು ಹಾಸಿಗೆ ಸಿಕ್ಕಿತು: ತಾಯಿಯ ಎದೆ. ಇದರ ಕಥೆ ದಕ್ಷಿಣ ಅಮೆರಿಕದ್ದು. ಕೊಲಂಬಿಯಾ ದೇಶದ ಬೊಗೊಟಾ ನಗರದ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ 1978ರ ಸುಮಾರಿಗೆ ಕಾವುಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಒಂದರಲ್ಲಿ ಎರಡು ಮೂರು ಶಿಶುಗಳನ್ನಿಟ್ಟರೆ ಸೋಂಕು ಹರಡುತ್ತಿತ್ತು. ಆಗ ವೈದ್ಯ ಎಡ್ಗರ್ ರೇ, ಅವರ ಜೊತೆಗೆ ಹೆಕ್ಟರ್ ಮಾರ್ಟಿನೆಜ್, ಶಿಶುವನ್ನು ತಾಯಿಯ ಬರಿ ಎದೆಗೇ ಕಟ್ಟುವ ಪದ್ಧತಿ ತಂದರು. ತೀರಾ ಎಳೆಯದಾಗಿ ಹುಟ್ಟುವ ತನ್ನ ಮರಿಯನ್ನು ಚೀಲದಲ್ಲಿಟ್ಟು ಬೆಳೆಸುವ ಕಾಂಗರೂವಿನ ಹೆಸರೇ ಅದಕ್ಕೆ ಬಂತು. ಮಗುವಿನ ಮೈಮೇಲೆ ಟೋಪಿ ಮತ್ತು ಲಂಗೋಟಿ ಮಾತ್ರ. ಎರಡು ಸ್ತನಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಮಲಗಿಸಬೇಕು. ಕೈಕಾಲು ಮಡಿಚಿರಬೇಕು. ತಲೆ ಒಂದು ಬದಿಗೆ ತಿರುಗಿ, ಉಸಿರಿನ ದಾರಿ ಮುಚ್ಚದಂತೆ ಗದ್ದ ತುಸು ಎತ್ತಿರಬೇಕು. ಮೇಲೆ ಬಟ್ಟೆ ಸುತ್ತಿ ತಾಯಿ ಒರಗಿ ಕುಳಿತರೆ ಕಾವು, ಗೋಡೆ, ಎದೆಬಡಿತದ ಸದ್ದು, ಹಾಲಿನ ವಾಸನೆ ಎಲ್ಲವೂ ಒಂದೇ ಕಡೆ.

ಇದು ಬಡವರ ಕಾವುಪೆಟ್ಟಿಗೆ ಎಂದು ಮೂಗು ಮುರಿದವರಿದ್ದರು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಅದಕ್ಕೆ ಉತ್ತರ ಹೇಳಿತು. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ಭಾರತ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋ ಒಳಗಿನ 3,211 ಶಿಶುಗಳು ಅದರಲ್ಲಿದ್ದವು. ಭಾರತದ ಕೇಂದ್ರ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಮಗು ಚೇತರಿಸಿಕೊಳ್ಳಲೆಂದು ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟಾಗ 28 ದಿನಗಳೊಳಗೆ ಸತ್ತವು ನೂರಕ್ಕೆ 12. ಮೊದಲು ಕಾವುಪೆಟ್ಟಿಗೆ, ಆಮೇಲೆ ಎದೆ ಎಂದಾಗ ನೂರಕ್ಕೆ 15.7. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಮೊದಲೇ ನಿಲ್ಲಿಸಲಾಯಿತು. ದಿನಕ್ಕೆ 8ರಿಂದ 24 ಗಂಟೆ ಹೀಗೆ ಎದೆಗಿಟ್ಟುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಇದನ್ನು ಒಂದು ಇಡೀ ಜಿಲ್ಲೆಯ ತಾಯಂದಿರಿಗೆ ತಲುಪಿಸುವುದು ಹೇಗೆಂದು ನೋಡಿದ ಅಧ್ಯಯನದ ಕ್ಷೇತ್ರಗಳಲ್ಲಿ ಕರ್ನಾಟಕದ ಕೊಪ್ಪಳವೂ ಒಂದು. ತಾಯಿಗೆ ದಣಿವಾದರೆ ತಂದೆಯ ಎದೆಯೂ ಆದೀತು, ಅಜ್ಜಿಯದೂ ಆದೀತು. ಆ ಕಂಡಕ್ಟರ್ ರಜೆಯ ದಿನ ಅಂಗಿ ಬಿಚ್ಚಿ ಎರಡು ಗಂಟೆ ಅಲುಗದೆ ಕುಳಿತರು. ದಿನವಿಡೀ ಬಸ್ಸಿನಲ್ಲಿ ಕೂಗುವ ಮನುಷ್ಯ ಅಂದು ಪಿಸುಮಾತನ್ನೂ ಆಡಲಿಲ್ಲ.

ಮಗು 1,900 ಗ್ರಾಂ ತಲುಪಿ ಮನೆಗೆ ಹೊರಡುವ ದಿನ ಹತ್ತಿರವಾದಂತೆ ನರ್ಸುಗಳು ಒಂದೊಂದಾಗಿ ಸಿಂಬೆ ತೆಗೆದರು, ಬೋರಲು ಬಿಡಿಸಿದರು, ಅಂಗಾತ ಮಲಗುವುದನ್ನು ರೂಢಿ ಮಾಡಿಸಿದರು. ತಾಯಿಗೆ ಮತ್ತೆ ಗೊಂದಲ. ಇಷ್ಟು ದಿನ ಒಳ್ಳೆಯದೆಂದದ್ದು ಈಗ ಕೆಟ್ಟದ್ದಾಯಿತೆ? ಹಿಂದೆ ಹೇಳಿದ ಷರತ್ತನ್ನು ಇಲ್ಲಿ ನೆನೆಯಬೇಕು. ಮನೆಯಲ್ಲಿ ಯಂತ್ರವಿಲ್ಲ, ರಾತ್ರಿಯೆಲ್ಲ ಎಚ್ಚರವಿರುವ ನರ್ಸಿಲ್ಲ. ಬೋರಲು ಮಲಗಿದ ಶಿಶುಗಳು ನಿದ್ದೆಯಲ್ಲಿಯೇ ಹಠಾತ್ತನೆ ತೀರಿಕೊಳ್ಳುವುದು ಹೆಚ್ಚೆಂದು ತಿಳಿದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಅಮೆರಿಕದಲ್ಲಿ ಅಂಥ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಈ ಅಪಾಯ ಇತರರಿಗಿಂತ ಹೆಚ್ಚು. ಒಂದೇ ಭಂಗಿ ಒಂದು ಕಡೆ ಔಷಧ, ಇನ್ನೊಂದು ಕಡೆ ಅಪಾಯ. ವ್ಯತ್ಯಾಸ ಭಂಗಿಯಲ್ಲಿಲ್ಲ, ಕಾಯುವ ಕಣ್ಣಿನಲ್ಲಿದೆ.

ಮನೆಯಲ್ಲಿ ಅಜ್ಜಿ ಸಾಸಿವೆ ತುಂಬಿದ ಪುಟ್ಟ ದಿಂಬು ಹೊಲಿದಿಟ್ಟಿದ್ದರು. ಮೊಮ್ಮಗನ ತಲೆ ದುಂಡಗಾಗಲೆಂದು. ತನ್ನ ಮಕ್ಕಳನ್ನೆಲ್ಲ ಹಾಗೆಯೇ ಬೆಳೆಸಿದ ಕೈ ಅದು. ನಿದ್ರಿಸುವ ಶಿಶುವಿನ ಹಾಸಿಗೆಯಲ್ಲಿ ದಿಂಬು, ಸಿಂಬೆ, ದಪ್ಪ ಹೊದಿಕೆ ಯಾವುದೂ ಇರಬಾರದು, ಸಮನಾದ ಗಟ್ಟಿ ಹಾಸಿಗೆ ಸಾಕು ಎಂದು ಹೇಳುವುದು ಸೊಸೆಗೆ ಸುಲಭವಾಗಿರಲಿಲ್ಲ. “ನೀವು ಪಕ್ಕದಲ್ಲಿ ಕೂತು ಅವನ ಮುಖ ನೋಡ್ತಾ ಇರಿ ಅತ್ತೆ, ಕೈ ಅಗಲಿಸಿದರೆ ಹೇಳಿ” ಎಂದರು ಆಕೆ. ಅಜ್ಜಿ ದಿಂಬನ್ನು ಬದಿಗಿಟ್ಟು ಕನ್ನಡಕ ಹಾಕಿಕೊಂಡು ಕುಳಿತರು.

ಒಂಬತ್ತನೆಯ ತರಗತಿಯ ಅಕ್ಕ ಪುಸ್ತಕ ಮಡಿಚಿ, “ಹಾಗಾದರೆ ಇವನು ಇನ್ನು ಬೋರಲು ಮಲಗೋದೇ ಬೇಡ್ವಾ?” ಎಂದು ಕೇಳಿದಳು. ಎಚ್ಚರವಾಗಿರುವಾಗ ಸ್ವಲ್ಪ ಹೊತ್ತು ಬೋರಲು ಹಾಕಬೇಕು, ಕತ್ತಿಗೂ ಭುಜಕ್ಕೂ ಬಲ ಬರುತ್ತದೆ, ತಲೆಯೂ ಚಪ್ಪಟೆಯಾಗುವುದಿಲ್ಲ. ಆದರೆ ಒಬ್ಬರು ಎದುರಿಗೇ ಇರಬೇಕು ಎಂದು ತಾಯಿ ಹೇಳಿದರು. ಮರುದಿನ ಬೆಳಿಗ್ಗೆ ಮಗು ಕಣ್ಣುಬಿಟ್ಟಾಗ ಚಾಪೆಯ ಮೇಲೆ ಅದನ್ನು ಬೋರಲು ಹಾಕಿದರು. ಅಕ್ಕ ತಾನೂ ಎದುರಿಗೆ ಬೋರಲು ಮಲಗಿ, ಗದ್ದವನ್ನು ನೆಲಕ್ಕೆ ಆನಿಸಿ, ಅದು ತಲೆಯೆತ್ತುವುದನ್ನೇ ಕಾಯುತ್ತಿದ್ದಳು.